ಗಿರಣಿಯ ಕೀಂವ್ ಸದ್ದು, ಕಾಕಾನ ಸುಟ್ಟ ಮೋಟರ್

ಇವತ್ತು ಮಾತಿಗಿಂತ ಮೊದಲು ಹತ್ತು ಸೆಕೆಂಡ್ ಒಂದು ಸದ್ದು ಕೇಳಿಸ್ತೀನಿ. ಇಯರ್‌ಫೋನ್ ಹಾಕ್ಕೊಂಡಿದ್ದರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.

[ತೆಳುವಾದ, ಎಡೆಬಿಡದ ಕೀಂವ್ ಸದ್ದು. ಅದರ ಕೆಳಗೆ ಗುಂಯ್‌ಗುಟ್ಟುವಿಕೆ.]

ಕೇಳಿಸ್ತಲ್ಲ? ಹಳೇ ಎರಡು ಎಪಿಸೋಡ್‌ಗಳಲ್ಲಿ ಈ ಸದ್ದು ಇತ್ತು. "ಅಣ್ಣಾ, ಮೈಕ್ ಹಾಳಾಗೈತಿ, ಹೊಸಾದು ತಗೋ" ಅಂತ ನಿಮ್ಮಲ್ಲೇ ನಾಲ್ಕೈದು ಜನ ಮೆಸೇಜ್ ಮಾಡಿದ್ರಿ. ನಾನು ತಗೊಂಡೆ. ಸಾಲ ಮಾಡಿ ತಗೊಂಡೆ. ಸದ್ದು ಹಂಗೇ ಇತ್ತು!

ನಾನು ರೆಕಾರ್ಡ್ ಮಾಡೋದು ಬೆಟಗೇರಿಯಲ್ಲಿ, ಮೊದಲ ಮಹಡಿಯ ಒಂದು ಸಣ್ಣ ಖೋಲಿಯಲ್ಲಿ. ಗೋಡೆಗೆ ಹಳೇ ಕೌದಿ ತೂಗುಹಾಕಿದ್ದೀನಿ, ಅದೇ ನನ್ನ ಸ್ಟುಡಿಯೋ. ಓಣಿಯಲ್ಲಿ ಮಗ್ಗದ ಸದ್ದು ಇರುತ್ತೆ, ಅದನ್ನ ಕೌದಿ ಅಷ್ಟೋ ಇಷ್ಟೋ ತಡೀತದೆ. ಆದರೆ ಈ ಕೀಂವ್ ಕಿವಿಗೆ ಕೇಳಿಸೋದೇ ಇಲ್ಲ. ಖೋಲಿಯಲ್ಲಿ ಕೂತರೆ ಪೂರ್ತಿ ನಿಶ್ಶಬ್ದ, ರೆಕಾರ್ಡಿಂಗ್ ತೆರೆದರೆ ಕೀಂವ್. ಅಂದ್ರೆ ಇದು ಗಾಳಿಯಲ್ಲಿ ಬಂದ ಸದ್ದಲ್ಲ. ವೈರಿನಲ್ಲಿ ಬಂದದ್ದು.

ಅಡಾಸಿಟಿ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ಸ್ಪೆಕ್ಟ್ರೋಗ್ರಾಮ್ ತೆರೆದರೆ ಯಾವ ಸ್ವರ ಎಷ್ಟು ಜೋರಾಗಿದೆ ಅಂತ ಗೆರೆಗಳಾಗಿ ಕಾಣುತ್ತೆ. ನನ್ನ ರೆಕಾರ್ಡಿಂಗ್‌ನಲ್ಲಿ ಸರಿಯಾಗಿ 4,000 ಹರ್ಟ್ಸ್‌ನಲ್ಲಿ ಸ್ಕೇಲ್ ಇಟ್ಟು ಎಳೆದಂಥ ಒಂದು ಗೆರೆ. ಕೆಳಗೆ 250ರಲ್ಲೊಂದು, 350ರಲ್ಲೊಂದು. ನಾನು ಬಿ.ಕಾಂ. ಓದಿದವ. ಬ್ಯಾಲೆನ್ಸ್ ಶೀಟಿನಲ್ಲಿ ಹತ್ತು ಪೈಸೆ ಹೆಚ್ಚುಕಮ್ಮಿ ಬಂದರೂ ಹುಡುಕೋ ಚಟ ಅಂಟಿದೆ. ಮೂರೂ ಗೆರೆ ಬೆಳಿಗ್ಗೆ ಹತ್ತಕ್ಕೆ ಶುರು, ಒಂದಕ್ಕೆ ಬಂದ್. ಮತ್ತೆ ನಾಲ್ಕರ ಮೇಲೆ ಶುರು. ನಮ್ಮ ಓಣಿಯಲ್ಲಿ ಹತ್ತಕ್ಕೆ ಶುರುವಾಗಿ ಒಂದಕ್ಕೆ ಊಟಕ್ಕೆ ಏಳೋದು ಯಾವುದು ಹೇಳ್ರಿ? ಗಿರಣಿ. ಹಿಟ್ಟಿನ ಗಿರಣಿ.

ಗಿರಣಿಯ ಅಣ್ಣಾರ ಹತ್ತಿರ ಹೋದೆ. ಗೋಡೆ ಮೇಲೆ ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಹೊಸ ಪೆಟ್ಟಿಗೆ. "ಇದಾ? ಇದು ಡ್ರೈವ್. ಖಾರಾ ಕುಟ್ಟೋ ಮೋಟರಿಗೆ ಹಾಕ್ಸೀನಿ. ಮೊದಲ ಚಾಲೂ ಮಾಡಿದ್ರ ಫ್ಯೂಜ್ ಹೋಗತಿತ್ತು, ಈಗ ಮೆಲ್ಲಕ ಏಳತೈತಿ ನೋಡು" ಅಂದ್ರು. ಮುಖದಲ್ಲಿ ಅಷ್ಟು ಖುಷಿ. ನನ್ನ ಮೈಕಿನ ಕಥೆ ಹೇಗೆ ಹೇಳೋದು ಅಂತ ಒಂದು ಕ್ಷಣ ಸುಮ್ಮನೆ ನಿಂತೆ.

ಡ್ರೈವ್ ಅಂದ್ರೆ ಏನು? ನಮ್ಮ ಲೈನಿನಲ್ಲಿ ಬರೋ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತೆ, ದುಂಡಗೆ, ಗುಡ್ಡ ಕಣಿವೆ ಇದ್ದಂಗೆ. ಮೋಟರ್ ಆ 50ಕ್ಕೆ ಕಟ್ಟುಬಿದ್ದು ಒಂದೇ ವೇಗದಲ್ಲಿ ತಿರುಗುತ್ತೆ. ಡ್ರೈವ್ ಮಧ್ಯೆ ಕೂತು ಎರಡು ಕೆಲಸ ಮಾಡುತ್ತೆ. ಮೊದಲು ಎಸಿಯನ್ನು ಡಿಸಿ ಮಾಡಿ ಕೆಪಾಸಿಟರ್‌ನಲ್ಲಿ ತುಂಬಿಸಿಕೊಳ್ಳುತ್ತೆ. ಆಮೇಲೆ ಐಜಿಬಿಟಿ ಅನ್ನೋ ಆರು ಸ್ವಿಚ್‌ಗಳಿಂದ ಆ ಡಿಸಿಯನ್ನು ಕೊಚ್ಚಿ ಕೊಚ್ಚಿ ಹೊಸ ಎಸಿ ಮಾಡುತ್ತೆ. ನಿಮಗೆ 20 ಹರ್ಟ್ಸ್ ಬೇಕಾ, 35 ಬೇಕಾ, ಗುಂಡಿ ತಿರುಗಿಸಿದರೆ ಆಯ್ತು. ಗಿರಣಿಯ ಪೆಟ್ಟಿಗೆ ಸೆಕೆಂಡಿಗೆ 4,000 ಸಲ ಕೊಚ್ಚುತ್ತಿತ್ತು. ನನ್ನ ಕೀಂವ್ ಅದೇ.

ಹಾಗಾದರೆ 250, 350 ಎಲ್ಲಿಂದ ಬಂತು? ಅದು ಮುಂದಿನ ಬಾಗಿಲಿನ ಕಥೆ, ಎಸಿ ಒಳಗೆ ಬರೋ ಬಾಗಿಲು. ಡ್ರೈವ್ ಲೈನಿನಿಂದ ಕರೆಂಟನ್ನು ಒಂದೇ ಸಮ ಎಳೆಯೋದಿಲ್ಲ. ಅಲೆ ತುದಿಗೆ ಬಂದಾಗ ಮಾತ್ರ ಗಬಕ್ಕನೆ ಒಂದು ಗುಟುಕು ಎಳೆಯುತ್ತೆ. ಹೀಗೆ ಗುಟುಕು ಗುಟುಕಾಗಿ ಎಳೆದ ಕರೆಂಟಿನೊಳಗೆ 50ರ ಜೊತೆಗೆ ಅದರ ಐದು ಪಟ್ಟು, ಏಳು ಪಟ್ಟು, ಹನ್ನೊಂದು, ಹದಿಮೂರು ಪಟ್ಟಿನ ಅಲೆಗಳು ಹುಟ್ಟುತ್ತವೆ. ಇವೇ ಹಾರ್ಮೋನಿಕ್ಸ್.

ಗದಗಿನವರಿಗೆ ಇದನ್ನ ಹೇಳೋದು ಸುಲಭ. ವೀರೇಶ್ವರ ಪುಣ್ಯಾಶ್ರಮದಲ್ಲಿ ತಂಬೂರಿ ಶ್ರುತಿ ಮಾಡೋದನ್ನ ಕೇಳಿದ್ದೀರಾ? ಖರ್ಜದ ತಂತಿ ಮೀಟಿದರೆ ಬರೀ ಸಾ ಕೇಳಿಸೋದಿಲ್ಲ. ಕಿವಿ ಪಳಗಿದವರಿಗೆ ಅದರೊಳಗೆ ತಾನಾಗೇ ಒಂದು ಗಾಂಧಾರ ಕೇಳಿಸುತ್ತೆ. ಅದನ್ನ ಯಾರೂ ಮೀಟಿಲ್ಲ, ಅದು ಅದೇ ತಂತಿಯ ಐದನೇ ಪಟ್ಟು. ಗಿರಣಿಯ ಡ್ರೈವಿನ 250 ಹರ್ಟ್ಸ್ ಕೂಡ 50ರ ಐದನೇ ಪಟ್ಟು. ಲೆಕ್ಕ ಒಂದೇ! ತಂಬೂರಿಯಲ್ಲಿ ಅದು ಸ್ವಯಂಭೂ ಗಾಂಧಾರ, ವೈರಿನಲ್ಲಿ ಅದು ಪಕ್ಕದ ಮನೆಯ ಮೋಟರಿಗೆ ಜ್ವರ. ಐದನೇ ಹಾರ್ಮೋನಿಕ್ ಮೋಟರನ್ನು ಉಲ್ಟಾ ತಿರುಗಿಸೋಕೆ ನೋಡುತ್ತೆ. ಮೋಟರ್ ಉಲ್ಟಾ ಏನೂ ತಿರುಗಲ್ಲ, ಆದರೆ ಒಳಗೆ ಜಗ್ಗಾಟ ನಡೆದು ಬಿಸಿಯಾಗುತ್ತೆ.

ಯಾವ ಅಲೆಯನ್ನಾದರೂ ಹೀಗೆ ಶುದ್ಧ ಅಲೆಗಳ ಮೊತ್ತ ಅಂತ ಬಿಡಿಸಬಹುದು ಅಂತ ತೋರಿಸಿದ್ದು ಫ್ರಾನ್ಸಿನ ಜೋಸೆಫ್ ಫೋರಿಯರ್. ಅವನ ಪುಸ್ತಕ ಬಂದದ್ದು 1822ರಲ್ಲಿ, ಅದೂ ಶಾಖದ ಬಗ್ಗೆ. ನಾನು ಇದನ್ನ ಎಕ್ಸೆಲ್‌ನಲ್ಲಿ ಮಾಡಿ ನೋಡಿದೆ. ಒಂದು ಕಾಲಮ್‌ನಲ್ಲಿ 0ದಿಂದ 20 ಮಿಲಿಸೆಕೆಂಡ್ ತನಕ ಸಮಯ. ಪಕ್ಕದಲ್ಲಿ 50 ಹರ್ಟ್ಸ್‌ನ ಸೈನ್. ಅದಕ್ಕೆ ಐದನೇದು 20%, ಏಳನೇದು 14%, ಹನ್ನೊಂದನೇದು 9%, ಹದಿಮೂರನೇದು 7.7% ಕೂಡಿಸಿದೆ. ದುಂಡಗಿನ ಗುಡ್ಡ ಮೆಟ್ಟಿಲು ಮೆಟ್ಟಿಲಾಯ್ತು. ಈ ನಾಲ್ಕೂ ಸೇರಿ ಕಲಬೆರಕೆ 27%. ಇದು ಪುಸ್ತಕದ ಲೆಕ್ಕ, ಅಂದ್ರೆ ಡ್ರೈವ್ ಸಭ್ಯವಾಗಿದ್ದರೆ. ಮುಂದೆ ಚೋಕ್ ಹಾಕದ ಸಣ್ಣ ಅಗ್ಗದ ಡ್ರೈವ್‌ಗಳಲ್ಲಿ ಕರೆಂಟಿನ ಕಲಬೆರಕೆ 80% ದಾಟೋದೂ ಇದೆ. ಒಂದು ಚೋಕ್, ಅಂದ್ರೆ ಕಬ್ಬಿಣದ ಪಟ್ಟಿಗಳಿಗೆ ತಾಮ್ರದ ತಂತಿ ಸುತ್ತಿದ ಒಂದು ಮುದ್ದೆ, ಮುಂದೆ ಇಟ್ಟರೆ ಅದು 35–40%ಕ್ಕೆ ಇಳಿಯುತ್ತೆ. ಅಷ್ಟೇ ಖರ್ಚು, ಅಷ್ಟೇ ಲಾಭ.

ಇನ್ನೊಂದು ಮಾತು, ಎಲೆಕ್ಟ್ರಿಷಿಯನ್ ಗೆಳೆಯರಿಗೆ. ನಿಮ್ಮ ಕಿಸೆಯಲ್ಲಿರೋ ಅಗ್ಗದ ಕ್ಲ್ಯಾಂಪ್ ಮೀಟರ್ ಅಲೆಯ ಸರಾಸರಿ ತಗೊಂಡು 1.11ರಿಂದ ಗುಣಿಸಿ ತೋರಿಸುತ್ತೆ. ಅಲೆ ದುಂಡಗಿದ್ದರೆ ಸರಿ. ಗುಟುಕು ಕರೆಂಟಿಗೆ ಅದು ಕಾಲುಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು, ಕಡಿಮೆ ತೋರಿಸುತ್ತೆ. "ಕರೆಂಟು ಬರೋಬ್ಬರಿ ಐತಿ, ಆದರ ವೈರ್ ಯಾಕ ಬಿಸಿ?" ಅನ್ನೋ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ. ಟ್ರೂ ಆರ್‌ಎಂಎಸ್ ಅಂತ ಬರೆದಿರೋ ಮೀಟರ್ ತಗೊಳ್ಳಿ.

ಗಿರಣಿಯಲ್ಲಿ ಏನು ಮಾಡಿದ್ವಿ ಅಂತ ಬೇಗ ಹೇಳಿಬಿಡ್ತೀನಿ. ಡ್ರೈವಿನಿಂದ ಮೋಟರಿಗೆ ಹೋಗೋ ಬಿಡಿ ವೈರುಗಳನ್ನ ಮನೆ ಲೈನಿನ ಜೊತೆಗೇ ಹಗ್ಗದಲ್ಲಿ ಕಟ್ಟಿದ್ದರು. ಅದನ್ನ ಬಿಡಿಸಿ ಜಾಲರಿ ಹೊದಿಕೆಯ ಕೇಬಲ್ ಹಾಕಿದ್ದಾಯ್ತು, ಹೊದಿಕೆಯನ್ನ ಎರಡೂ ತುದಿಯಲ್ಲಿ ಅರ್ಥಿಂಗ್‌ಗೆ ಸೇರಿಸಿದ್ದಾಯ್ತು. ಅರ್ಥಿಂಗ್ ಗುಂಡಿಗೆ ಎಷ್ಟು ವರ್ಷದಿಂದ ನೀರು ಹಾಕಿರಲಿಲ್ಲವೋ, ಇದ್ದಿಲು ಉಪ್ಪು ಹಾಕಿ ಹೊಸದು ಮಾಡಿದರು. ಮುಂದೆ ಚೋಕ್ ಮತ್ತು ಫಿಲ್ಟರ್. ನಾನು ಅರ್ಧ ದುಡ್ಡು ಕೊಡ್ತೀನಿ ಅಂದೆ, ಅಣ್ಣಾರು ಬೈದು ಒಂದು ಕಿಲೋ ಖಾರದಪುಡಿ ಕೊಟ್ಟು ಕಳಿಸಿದರು.

ಇಲ್ಲಿಗೇ ಮುಗಿದಿದ್ದರೆ ಇದು ಮೈಕಿನ ಕಥೆ, ನಿಮಗೆ ಹೇಳೋ ಅಗತ್ಯ ಇರಲಿಲ್ಲ. ಆ ವಾರವೇ ಕಾಕಾ ಫೋನ್ ಮಾಡಿದರು.

ನಮ್ಮ ಕಾಕಾನ ಹೊಲ ಮುಂಡರಗಿ ತಾಲೂಕಿನಲ್ಲಿ. ತುಂಗಭದ್ರಾ ಅದೇ ತಾಲೂಕಿನ ಅಂಚಿನಲ್ಲಿ ಹರೀತಾಳೆ, ಸಿಂಗಟಾಲೂರು ಏತ ನೀರಾವರಿಯೂ ಇದೆ, ಆದರೆ ಕಾಕಾನ ಹೊಲ ಕಾಲುವೆಗೆ ಸಿಗೋದಿಲ್ಲ. ಬೋರೇ ಗತಿ. ರಾತ್ರಿ ಪಾಳಿಯ ಕರೆಂಟಿಗೆ ಕಾದು ಕಾದು ಸಾಕಾಗಿ ಸೋಲಾರ್ ಪಂಪ್ ಹಾಕಿಸಿದರು. ಪ್ಯಾನೆಲ್ ಹೊಸದು, ಕಂಟ್ರೋಲರ್ ಹೊಸದು, ಮೋಟರ್ ಮಾತ್ರ ಇದ್ದದ್ದೇ, ಚೊಲೋ ಇತ್ತು. ಐದು ತಿಂಗಳಿಗೆ ಸುಟ್ಟಿತು. ರಿವೈಂಡಿಂಗ್ ಮಾಡಿಸಿ ಇಳಿಸಿದರು. ನಾಲ್ಕು ತಿಂಗಳಿಗೆ ಮತ್ತೆ ಸುಟ್ಟಿತು. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ ಬಂದ ಉತ್ತರ: "ನಿಮ್ಮ ಕಡೆ ಲೈನ್ ವೋಲ್ಟೇಜ್ ಹೆಚ್ಚುಕಮ್ಮಿ ಆಗಿರಬೇಕ್ರಿ."

ಲೈನೇ ಇಲ್ಲ ಅಲ್ಲಿ! ಸೂರ್ಯನಿಂದ ನಡೆಯೋ ಪಂಪಿಗೆ ಯಾವ ಲೈನ್ ವೋಲ್ಟೇಜು?

ಎರಡನೇ ಸಲ ಸುಟ್ಟ ಮೋಟರನ್ನ ಕಾಕಾ ಲಕ್ಷ್ಮೇಶ್ವರಕ್ಕೆ ಒಯ್ದರು, ಅಲ್ಲೊಬ್ಬರು ಹಳೇ ರಿವೈಂಡಿಂಗ್ ಮಿಸ್ತ್ರಿ ಇದ್ದಾರೆ. ನಾನೂ ಹೋಗಿದ್ದೆ. ಮಿಸ್ತ್ರಿಯವರು ಮೋಟರ್ ಬಿಚ್ಚಿ, ಸುರುಳಿ ಹೊರಗೆ ತೆಗೆದು, ಕನ್ನಡಕ ಮೇಲೆ ಮಾಡಿ ನೋಡಿದರು. "ಒಂದು ಫೇಜ್ ಹೋಗಿ ಎರಡರ ಮ್ಯಾಲೆ ನಡೆದ ಮೋಟರ್ ಆಗಿದ್ರ ಎರಡು ಫೇಜಿನ ಸುರುಳಿ ಪೂರ್ತಿ ಕರ್ರಗ ಆಗಿರತಿತ್ತು, ಮೂರನೇದು ಹೊಸದರಂಗ ಇರತಿತ್ತು. ಲೋಡ್ ಹೆಚ್ಚಾಗಿದ್ರ ಎಲ್ಲಾ ಸುಡತಿತ್ತು. ಇದು ನೋಡ್ರಿ, ವೈರ್ ಒಳಗ ಹೋಗೋ ಬಾಯಾಗ ಮೊದಲ ಎರಡು ಮೂರು ಸುತ್ತು ಅಷ್ಟೇ ಸುಟ್ಟೈತಿ. ಉಳದದ್ದು ಬಂಗಾರದಂಗೈತಿ. ಡ್ರೈವ್ ಹಾಕಿದ ಮೋಟರ್ ಹಿಂಗ ಬರತಾವ" ಅಂದರು.

ಡ್ರೈವ್ ಅನ್ನೋ ಪದ ಕೇಳಿ ನನ್ನ ಕಿವಿ ನೆಟ್ಟಗಾಯ್ತು. ಸೋಲಾರ್ ಕಂಟ್ರೋಲರ್ ಅಂದರೂ ಅದೇ ತಾನೆ? ಪ್ಯಾನೆಲ್‌ನ ಡಿಸಿಯನ್ನು ಕೊಚ್ಚಿ ಮೋಟರಿಗೆ ಎಸಿ ಮಾಡಿಕೊಡೋದು. ಗಿರಣಿಯ ಪೆಟ್ಟಿಗೆಯ ಅರ್ಧಭಾಗ.

ಈಗ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಕಾಕಾನ ಮೋಟರ್ ಇರೋದು 570 ಅಡಿ ಕೆಳಗೆ, ಅಂದ್ರೆ ಸುಮಾರು 174 ಮೀಟರ್. ಕಂಟ್ರೋಲರಿನಿಂದ ಬೋರಿನ ಬಾಯಿಗೆ ಇನ್ನೊಂದು 36. ಒಟ್ಟು 210 ಮೀಟರ್ ಕೇಬಲ್. ಕಂಟ್ರೋಲರ್ ಒಳಗಿನ ಸ್ವಿಚ್ 0ದಿಂದ 600 ವೋಲ್ಟಿಗೆ ಹಾರೋಕೆ ತಗೊಳ್ಳೋ ಸಮಯ ಸುಮಾರು 0.1 ಮೈಕ್ರೋಸೆಕೆಂಡ್. ಆ ಹಾರಿದ ವೋಲ್ಟೇಜು ಕೇಬಲ್‌ನಲ್ಲಿ ಓಡೋ ವೇಗ ಮೈಕ್ರೋಸೆಕೆಂಡಿಗೆ ಹತ್ತಿರ ಹತ್ತಿರ 150 ಮೀಟರ್. ಅಂದ್ರೆ ಮೇಲೆ ಸ್ವಿಚ್ ಹಾರಿ ಮುಗಿದಾಗ ಕೆಳಗಿನ ಮೋಟರಿಗೆ ಇನ್ನೂ ಸುದ್ದಿಯೇ ಮುಟ್ಟಿರೋದಿಲ್ಲ. ಅಲೆ ಓಡಿ ಓಡಿ ಹೋಗಿ ಮೋಟರಿನ ಬಾಯಿಗೆ ಬಡಿಯುತ್ತೆ.

ಬಡಿದಾಗ ಏನಾಗುತ್ತೆ? ಇದನ್ನ ಕಾಕಾಗೆ ಹೇಗೆ ಹೇಳೋದು ಅಂತ ತಲೆ ಕೆರ್ಕೊಂಡೆ. "ಕಾಕಾ, ಪೈಪ್‌ಲೈನ್‌ನ್ಯಾಗ ನೀರು ಜೋರ್ ಹೊಂಟಾಗ ತುದಿಗಿನ ವಾಲ್ ಒಮ್ಮೆಲೆ ಮುಚ್ಚಿದ್ರ ಏನಾಗ್ತದ?" ಅಂದೆ. "ಧಡ್ ಅಂತದ. ಪೈಪ್ ಒಡದು ಹೋಗ್ತದ. ಎರಡು ಸಲ ಒಡದೈತಿ." ಅಷ್ಟೇ ಕಾಕಾ, ಇದೂ ಅದೇ. ಸುಲಭವಾಗಿ ಓಡಿ ಬಂದ ಅಲೆಗೆ ತುದಿಯಲ್ಲಿ ಗೋಡೆ ಅಡ್ಡ ಬಂದರೆ ಅದು ವಾಪಸ್ ಪುಟಿಯುತ್ತೆ. ಬರೋದು ಹೋಗೋದು ಎರಡೂ ಕೂಡಿದ ಜಾಗದಲ್ಲಿ ಒತ್ತಡ ಏರುತ್ತೆ.

ಲೆಕ್ಕವೂ ಸುಲಭ, ಎಕ್ಸೆಲ್ ಕೂಡ ಬೇಡ, ಫೋನಿನ ಕ್ಯಾಲ್ಕುಲೇಟರ್ ಸಾಕು. ಓಡೋ ಅಲೆಗೆ ಕೇಬಲ್ ಒಡ್ಡೋ ತಡೆ 80 ಓಮ್, ಸಣ್ಣ ಮೋಟರ್ ಒಡ್ಡೋದು 1,500 ಓಮ್ ಅಂತ ಇಟ್ಕೊಳ್ಳಿ. 1,500ರಲ್ಲಿ 80 ಕಳೆದು, ಬಂದದ್ದನ್ನ ಅವೆರಡರ ಮೊತ್ತ 1,580ರಿಂದ ಭಾಗಿಸಿ. 0.9 ಬಂತು. ಅಂದ್ರೆ ಬಂದ ಅಲೆಯ 90% ವಾಪಸ್ ಪುಟಿಯುತ್ತೆ. 600ಕ್ಕೆ ಅದರ 90% ಕೂಡಿಸಿ: 1,140 ವೋಲ್ಟ್. 415 ವೋಲ್ಟಿನ ಮೋಟರಿನ ಬಾಯಲ್ಲಿ! ಅದೂ ಕಣ್ಣು ಮಿಟುಕಿಸೋದರೊಳಗೆ ಸಾವಿರಾರು ಸಲ ಬಂದು ಹೋಗೋ ಹೊಡೆತ. ಮೀಟರ್ ಹಿಡಿದರೆ ಎಲ್ಲಾ ಬರೋಬ್ಬರಿ ಅಂತ ತೋರಿಸುತ್ತೆ.

ಇದು ಪೂರ್ತಿ ಸುರುಳಿಗೆ ಸಮನಾಗಿ ಹಂಚಿಹೋದರೆ ಚಿಂತೆ ಇರಲಿಲ್ಲ. ಅಷ್ಟು ಚೂಪಾದ ಹೊಡೆತ ಸುರುಳಿಯ ಒಳಗೆ ಇಳಿಯೋದಕ್ಕೆ ಪುರುಸೊತ್ತಿಲ್ಲ, ಬಹುಪಾಲು ಮೊದಲ ಕೆಲವು ಸುತ್ತುಗಳ ಮೇಲೇ ಬೀಳುತ್ತೆ. ಮಿಸ್ತ್ರಿ ತೋರಿಸಿದ್ದು ಅದನ್ನೇ. ಅವರು ಯಾವ ಸಮೀಕರಣವೂ ಬರೆದಿಲ್ಲ, ಎಷ್ಟೋ ಸುಟ್ಟ ಮೋಟರ್ ಬಿಚ್ಚಿ ನೋಡಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದರು. ಸೆಕೆಂಡಿಗೆ 4,000 ಕೊಚ್ಚು, ದಿನಕ್ಕೆ ಆರು ತಾಸು ಬಿಸಿಲು ಅಂತ ಹಿಡಿದರೆ ದಿನಕ್ಕೆ 8 ಕೋಟಿ 64 ಲಕ್ಷ ಕೊಚ್ಚು. ತಂತಿಯ ಹೊದಿಕೆ ಐದು ತಿಂಗಳು ತಾಳಿದ್ದೇ ಹೆಚ್ಚು.

ಎಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಎಲ್‌ಟಿಸ್ಪೈಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಇದನ್ನೇ ಕಟ್ಟಿ ತೋರಿಸಿದ. ಕೇಬಲ್ ಉದ್ದ 5 ಮೀಟರ್ ಕೊಟ್ಟರೆ ಹೊಡೆತ ಸಣ್ಣದು. 15 ಕೊಟ್ಟರೆ ಆಗಲೇ ದೊಡ್ಡದು. 210 ಕೊಟ್ಟರೆ ಪರದೆ ಮೇಲೆ ಗೆರೆ ಮೇಲಕ್ಕೆ ಚಿಮ್ಮಿ ತೂಗಾಡಿ ನಿಲ್ಲುತ್ತೆ. ಆಮೇಲೆ ಕಂಟ್ರೋಲರಿನ ಬಾಯಲ್ಲಿ ಒಂದು ಫಿಲ್ಟರ್ ಸೇರಿಸಿದ. ಚೂಪು ಹೋಗಿ ಗೆರೆ ಇಳಿಜಾರಾಯ್ತು, ಚಿಮ್ಮಾಟ ನಿಂತಿತು. ವಾಲ್ ಮೆಲ್ಲಕ ಮುಚ್ಚಿದಂಗೆ. ಇದರಲ್ಲಿ ಎರಡು ಥರ ಇವೆ. ಒಂದು ಅಲೆಯ ಚೂಪನ್ನಷ್ಟೇ ಮೊಂಡು ಮಾಡೋದು, ಅದಕ್ಕೆ ಡಿವಿ-ಡಿಟಿ ಫಿಲ್ಟರ್ ಅಂತಾರೆ. ಇನ್ನೊಂದು ಸೈನ್ ಫಿಲ್ಟರ್, ಕೊಚ್ಚಿದ್ದನ್ನ ಮತ್ತೆ ದುಂಡಗಿನ ಅಲೆ ಮಾಡಿ ಕಳಿಸುತ್ತೆ. ಆಳದ ಬೋರಿಗೆ ಎರಡನೇದು ವಾಸಿ, ಬೆಲೆಯೂ ಜಾಸ್ತಿ. ಸ್ವಿಚ್ಚಿಂಗ್ ವೇಗ ಕಡಿಮೆ ಮಾಡಿದರೆ ಸಾಲದಾ ಅಂತ ಕೇಳಿದೆ. ಹೊಡೆತಗಳ ಸಂಖ್ಯೆ ಕಡಿಮೆ ಆಗ್ತದೆ, ಹೊಡೆತದ ಎತ್ತರ ಅಷ್ಟೇ ಇರ್ತದೆ ಅಂದ. ಇನ್ನೊಂದು ಎಚ್ಚರಿಕೆ: ಹಳೇ ಸ್ಟಾರ್ಟರ್ ಡಬ್ಬಿಯಲ್ಲಿ ಕೆಪಾಸಿಟರ್ ಇದ್ದರೆ ಡ್ರೈವ್ ಹಾಕೋ ಮುಂಚೆ ಕಿತ್ತು ಹಾಕಬೇಕು, ಇಲ್ಲದಿದ್ದರೆ ಡ್ರೈವೇ ಹೋಗುತ್ತೆ. ಮತ್ತೆ ದಯವಿಟ್ಟು, ಪೆಟ್ಟಿಗೆ ಬಂದ್ ಮಾಡಿದ ಕೂಡಲೇ ಮುಚ್ಚಳ ತೆಗೆದು ಕೈ ಹಾಕಬೇಡಿ. ಒಳಗಿನ ಕೆಪಾಸಿಟರ್ ಎಷ್ಟೋ ನಿಮಿಷ ಅಪಾಯದ ವೋಲ್ಟೇಜ್ ಹಿಡ್ಕೊಂಡಿರುತ್ತೆ.

ಈಗ ನನ್ನ ಸಬ್ಜೆಕ್ಟು, ಹಣದ ಲೆಕ್ಕ. ಒಂದು ಸಲ ಪೈಪ್ ಎತ್ತಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋಕೆ ಕಾಕಾಗೆ ಆದದ್ದು 28 ಸಾವಿರ. ಎರಡು ಸಲಕ್ಕೆ 56. ನೀರಿಲ್ಲದೆ ಒಣಗಿದ ಉಳ್ಳಾಗಡ್ಡಿ ಬೇರೆ. ಫಿಲ್ಟರ್ ಬೆಲೆ ಒಂದು ಸಲ ಎತ್ತಿ ಇಳಿಸೋ ಖರ್ಚಿಗಿಂತ ಕಡಿಮೆ. ಕಂಟ್ರೋಲರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದೆ. ಕೊನೇ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇದೆ: ಕೇಬಲ್ 50 ಮೀಟರ್ ದಾಟಿದರೆ ಫಿಲ್ಟರ್ ಹಾಕಬೇಕು. ಇಂಗ್ಲಿಷಿನಲ್ಲಿದೆ. ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು, ದೇವರ ಮಾಡದಲ್ಲಿ.

ಹಾಕಿದವರಿಗೆ ಕಾಕಾನ ಬೋರಿನ ಆಳ ಗೊತ್ತಿರಲಿಲ್ಲವಾ? ಗೊತ್ತಿತ್ತು. ಕೇಬಲ್ ಮಾರಿದ್ದೇ ಅವರು, ಮೀಟರ್ ಲೆಕ್ಕದಲ್ಲಿ. ನನಗೆ ಸಿಟ್ಟು ಬಂದದ್ದು ಅಲ್ಲಿ. ಹತ್ತು ಸೆಕೆಂಡಿನ ಗುಣಾಕಾರವನ್ನು ಮಾರೋರು ಮಾಡಲಿಲ್ಲ, ಅದರ ಬಿಲ್ಲು ಹೊಲದವನ ಹೆಸರಿಗೆ ಬಂತು.

ಲಕ್ಷ್ಮೇಶ್ವರದಿಂದ ಬೈಕಿನಲ್ಲಿ ಶಿರಹಟ್ಟಿ ಮೇಲೆ ವಾಪಸ್ ಬರುವಾಗ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣ್ತವೆ. ನಾನು ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ. ಈಗಿನ ಕಾಲದ ಗಾಳಿಯಂತ್ರದ ಒಳಗೂ ಇದೇ ಪೆಟ್ಟಿಗೆ ಇರುತ್ತೆ, ಗಾತ್ರ ಮಾತ್ರ ಬೀರುವಿನಷ್ಟು. ಗಾಳಿ ಬಂದಂಗೆ ಬರೋ ಕರೆಂಟನ್ನ ಡಿಸಿ ಮಾಡಿ, ಕೊಚ್ಚಿ, 50 ಹರ್ಟ್ಸ್ ಮಾಡಿ ಗ್ರಿಡ್ಡಿಗೆ ಕೊಡೋದು. ಗಿರಣಿಯ ಕೆಲಸ ತಿರುವುಮುರುವು. ಅಲ್ಲಿ ಫಿಲ್ಟರ್ ಇಲ್ಲದೆ ನಡೆಯಂಗಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಗ್ರಿಡ್ ಸಂಪರ್ಕದ 2007ರ ನಿಯಮದಲ್ಲೇ ಇತ್ತು: ಸೇರೋ ಜಾಗದಲ್ಲಿ ವೋಲ್ಟೇಜಿನ ಒಟ್ಟು ಹಾರ್ಮೋನಿಕ್ 5% ದಾಟಬಾರದು, ಯಾವುದೇ ಒಂದು 3% ದಾಟಬಾರದು. ಐಇಇಇ 519 ಅಂತ ಅಂತರರಾಷ್ಟ್ರೀಯ ಮಾನದಂಡವೂ ಇದೆ, 1981ರಲ್ಲಿ ಶುರುವಾಗಿ 2022ರಲ್ಲಿ ಮತ್ತೆ ತಿದ್ದಿದ್ದು. ಗುಡ್ಡದ ಮೇಲೆ ಇಷ್ಟೆಲ್ಲ. ಗುಡ್ಡದ ಕೆಳಗೆ ನಮ್ಮ ಓಣಿಯ ಟಿಸಿ ಹತ್ತಿರ ಹಾರ್ಮೋನಿಕ್ ಅಳೆದವರನ್ನ ನಾನಂತೂ ಇನ್ನೂ ನೋಡಿಲ್ಲ.

ಅಳೆಯೋದಿರಲಿ, ಅಂದಾಜಾದರೂ ಮಾಡಬಹುದು. ಬೆಟಗೇರಿಯಂಥ ಕಡೆ ಒಂದು 100 ಕೆವಿಎ ಟಿಸಿ ಇದೆ ಅನ್ನಿ, ಇಂಪೆಡೆನ್ಸ್ 4.5%. ಪವರ್ ಫ್ಯಾಕ್ಟರ್ ಸರಿ ಮಾಡೋಕೆ ಅಂತ ಅದರ ಕೆಳಗಿನವರೆಲ್ಲ ಸೇರಿ 45 ಕೆವಿಎಆರ್ ಕೆಪಾಸಿಟರ್ ಹಾಕಿದ್ದಾರೆ. 100ನ್ನ 0.045ರಿಂದ ಭಾಗಿಸಿದರೆ 2,222. ಅದನ್ನ 45ರಿಂದ ಭಾಗಿಸಿ ವರ್ಗಮೂಲ ತೆಗೆದರೆ 7. ಅಂದ್ರೆ ಆ ಟಿಸಿ ಮತ್ತು ಆ ಕೆಪಾಸಿಟರ್ ಎರಡೂ ಸೇರಿ ಏಳನೇ ಹಾರ್ಮೋನಿಕ್‌ಗೆ ಶ್ರುತಿಯಾಗಿ ಕೂತಿವೆ. ಯಾರೋ ಒಬ್ಬರು ಡ್ರೈವ್ ತಂದು ಹಚ್ಚಿದ ದಿನ ಅದು ತಂಬೂರಿ ಥರ ಅನುರಣಿಸೋಕೆ ಶುರು ಮಾಡುತ್ತೆ, ಕೆಪಾಸಿಟರ್ ಉಬ್ಬಿ ಒಡೆಯುತ್ತೆ. ಒಡೆಯೋದು ಡ್ರೈವ್ ಹಾಕಿದವರದ್ದಲ್ಲ, ಹಾಕದೇ ಇದ್ದವರದ್ದು. ಕೆಪಾಸಿಟರ್ ಜೊತೆ 7%ನ ರಿಯಾಕ್ಟರ್ ಸೇರಿಸಿದರೆ ಶ್ರುತಿ 189 ಹರ್ಟ್ಸ್‌ಗೆ ಇಳಿಯುತ್ತೆ, ಐದನೇದಕ್ಕೂ ಏಳನೇದಕ್ಕೂ ಸಿಗೋದಿಲ್ಲ. ಕಾಮರ್ಸ್‌ನಲ್ಲಿ ನಾವು ಎಕ್ಸ್‌ಟರ್ನಾಲಿಟಿ ಅಂತ ಓದ್ತೀವಿ: ಲಾಭ ನನ್ನದು, ಖರ್ಚು ಪಕ್ಕದವನದು. ಪರೀಕ್ಷೆಗೆ ಉದಾಹರಣೆ ಅಂತ ಹೊಗೆ ಉಗುಳೋ ಕಾರ್ಖಾನೆ ಬರೆದಿದ್ದೆ. ಈ ಹೊಗೆ ಕಣ್ಣಿಗೆ ಕಾಣೋದಿಲ್ಲ.

ಮನೆಯಲ್ಲಿ ಸೋಲಾರ್ ಪಂಪ್ ಹಾಕಿಸೋ ಮಾತು ನಡೆದಿದ್ದರೆ, ಮಾರೋರ ಮುಂದೆ ಒಂದೇ ಪ್ರಶ್ನೆ ಇಡಿ: "ಕಂಟ್ರೋಲರಿನಿಂದ ಮೋಟರಿನ ತನಕ ಕೇಬಲ್ ಇಷ್ಟು ಮೀಟರ್ ಆಗ್ತದ, ನಿಮ್ಮ ಪುಸ್ತಕದಾಗ ಫಿಲ್ಟರ್ ಇಲ್ಲದ ಎಷ್ಟು ಮೀಟರ್ ತನಕ ನಡೀತದ ಅಂತ ಬರದಾರ, ತೋರಸ್ರಿ." ಬರೆದುಕೊಡೋಕೆ ಹೇಳಿ, ಬಿಲ್ಲಿನ ಹಿಂದೇ ಆದರೂ ಸರಿ.

ಕಾಕಾನ ಮೋಟರ್ ಮೂರನೇ ಸಲ ಇಳಿದು ಈಗ ಹನ್ನೊಂದು ತಿಂಗಳಾಯ್ತು. ಸೈನ್ ಫಿಲ್ಟರ್ ಪ್ಯಾನೆಲ್ ಕೆಳಗೆ ನೆರಳಿನಲ್ಲಿ ಕೂತಿದೆ, ಸಣ್ಣಗೆ ಗುಂಯ್ ಅಂತದೆ, ಬಿಸಿಯಾಗ್ತದೆ. ಚಳಿಗಾಲದಲ್ಲಿ ಹೊಲದ ನಾಯಿ ಅದಕ್ಕೆ ಒರಗಿ ಮಲಗ್ತಿತ್ತಂತೆ. ಕಾಕಾ ಮಾತ್ರ ಪ್ರತೀ ಸಲ ಫೋನಿನಲ್ಲಿ ಮೊದಲು ಹೇಳೋದು, "ನಡದೈತಿ ತಮ್ಮಾ, ಇನ್ನೂ ನಡದೈತಿ."

ಇವತ್ತು ರೆಕಾರ್ಡ್ ಮಾಡುವಾಗ ಗಿರಣಿಯೂ ನಡೆದಿತ್ತು. 4,000ದ ಗೆರೆ ಮಾಯವಾಗಿದೆ. 250ರದ್ದು ಮಸುಕಾಗಿ ಇನ್ನೂ ಇದೆ, ಒಳ್ಳೇ ಇಯರ್‌ಫೋನ್ ಇದ್ದವರು ನಾನು ಸುಮ್ಮನಾದ ಮೇಲೆ ಐದು ಸೆಕೆಂಡ್ ಕೇಳಿ ನೋಡಿ.

[ಐದು ಸೆಕೆಂಡ್ ಮೌನ. ದೂರದಲ್ಲಿ ಮಗ್ಗದ ಸದ್ದು.]